ಹೋರಿ ಓಟಕ್ಕೆ ಮೀಸಲಿಟ್ಟ ಕೋರ್

ಕೊಬ್ಬರಿ ಹೋರಿ ಓಡುವಲ್ಲಿ ಜಗಳವಾಗದಿದ್ದರೆ ಉಪ್ಪಿಲ್ಲದ ಊಟವಿದ್ದಂತೆ ಎನ್ನುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ನನಗೂ ಜಗಳ ನೋಡುವುದು ಬೇಡವೇನಲ್ಲ. ಆದರೆ ಹಂಸಭಾವಿ ಕಡೆಯ ಒಂದು ಊರಿನಲ್ಲಿ ಆ ಮಧ್ಯಾಹ್ನ ಜಗಳ ಅಖಾಡ ಬಿಟ್ಟು ನನ್ನ ವ್ಯಾನಿನ ಬಾಗಿಲಿಗೇ ಬಂದು ನಿಂತಿತು.

ನಾನು, ನಮ್ಮ ಮನೆಯವರು ಇಬ್ಬರೂ ಸೇರಿ ಹಿರೇಕೆರೂರಿನಲ್ಲಿ ವಿಡಿಯೊ ಕೆಲಸ ಮಾಡುತ್ತೇವೆ. ಮದುವೆಯ ಹಂಗಾಮಿನಲ್ಲಿ ಮದುವೆ, ದೀಪಾವಳಿಯಿಂದ ಮುಂದೆ ಹೋರಿ ಓಟ. ಕ್ಯಾಮೆರಾ ಅವರದು, ಕಂಪ್ಯೂಟರ್ ನನ್ನದು. ಅವರು ಅಟ್ಟ ಹತ್ತಿ ಬಿಸಿಲಲ್ಲಿ ನಿಲ್ಲುತ್ತಾರೆ, ನಾನು ವ್ಯಾನಿನೊಳಗೆ ಫ್ಯಾನಿನ ಕೆಳಗೆ ಕೂರುತ್ತೇನೆ. ಈ ಹಂಚಿಕೆಯ ಬಗ್ಗೆ ಅವರದೊಂದು ತಕರಾರಿದೆ, ಇರಲಿ.

ಗೊತ್ತಿಲ್ಲದವರಿಗೆ ಆಟ ಹೇಳಿಬಿಡುತ್ತೇನೆ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಹಾರ ಕಟ್ಟಿ, ಎರಡೂ ಕಡೆ ಜನ ಕಿಕ್ಕಿರಿದ ಹಾದಿಯಲ್ಲಿ ಬಿಡುತ್ತಾರೆ. ಹೋರಿ ಹಿಡಿಯುವವರು ಮೈಮೇಲೆ ಬಿದ್ದು ಕೊಬ್ಬರಿ ಹರಿದುಕೊಳ್ಳಲು ನೋಡುತ್ತಾರೆ. ಹರಿದರೆ ಹೋರಿ ಸೋತಿತು, ಹರಿಯಗೊಡದೆ ದಾಟಿದರೆ ಗೆದ್ದಿತು. ತೊಡಕು ಒಂದೇ. ಓಟದ ರಭಸಕ್ಕೆ ಕೊಬ್ಬರಿ ತಾನಾಗಿ ಉದುರಿದರೆ ಅದು ಸೋಲಲ್ಲ. ಉದುರಿದ್ದನ್ನು ನೆಲದಿಂದ ಎತ್ತಿಕೊಂಡು ‘ನಾನೇ ಹರಿದೆ’ ಎಂದು ಕೈ ಎತ್ತುವ ಗಂಡುಗಲಿಗಳಿಗೇನೂ ಬರವಿಲ್ಲ. ಅದಕ್ಕೇ ಪಂಚರು ನಮ್ಮ ವ್ಯಾನಿಗೆ ಬಂದು, ಆಗಷ್ಟೇ ರೆಕಾರ್ಡ್ ಆದ ಓಟವನ್ನು ನಿಧಾನವಾಗಿ ತಿರುಗಿಸಿ ನೋಡಿ ತೀರ್ಪು ಹೇಳುವ ಪದ್ಧತಿ ಬಂದದ್ದು.

ಆ ದಿನ ಒಂದರ ಹಿಂದೆ ಒಂದು ಎರಡು ಹೋರಿ ಓಡಿದವು. ಮೊದಲನೆಯದು ಹೆಣ್ಣುಮಗಳೊಬ್ಬಳು ಸಾಕಿದ ಸಾದಾ ಹೋರಿ. ಹಾಡಿಲ್ಲ, ಬಿರುದಿಲ್ಲ. ಕೊಬ್ಬರಿಗೆ ಕೈ ಬಿದ್ದದ್ದು ವಿಡಿಯೊದಲ್ಲಿ ಸ್ಪಷ್ಟವಾಗಿ ಕಂಡಿತು. ಪಂಚರು ‘ಸೋತಿತು’ ಎಂದರು, ಆಕೆ ತಲೆಯಾಡಿಸಿ ಒಪ್ಪಿದಳು. ಎರಡನೆಯದು ಹೆಸರುವಾಸಿ ಹೋರಿ. ಹೆಸರು ಬರೆದರೆ ಅದರ ಅಭಿಮಾನಿ ಬಳಗದವರು ಮನೆಗೆ ಬರುತ್ತಾರೆ, ಬಿರುದಿನ ಹೋರಿ ಎಂದರೆ ಸಾಕು. ಇಂಥ ಹೋರಿ ಅಖಾಡಕ್ಕೆ ಇಳಿಯುವಾಗ ದೊಡ್ಡ ಪರದೆಯ ಮೇಲೆ ಅದರ ಬಿರುದು ಬೆಂಕಿ ಉಗುಳುತ್ತ ಬರಬೇಕು, ಜೊತೆಗೆ ಅದರದೇ ಹಾಡು ಮೊಳಗಬೇಕು. ಇದಕ್ಕೆ ಟೈಟಲ್ ಎನ್ನುತ್ತಾರೆ. ಬಳಗದವರು ಪೆನ್‌ಡ್ರೈವಿನಲ್ಲಿ ತಂದುಕೊಡುತ್ತಾರೆ, ನಾನು ಹಚ್ಚುತ್ತೇನೆ. ಹಚ್ಚಿದೆ. ಹೋರಿ ಓಡಿತು. ಒಬ್ಬ ಕೊಬ್ಬರಿ ಹಿಡಿದು ಕೈ ಎತ್ತಿದ. ಪಂಚರು ಬಂದು ನೋಡಿದರೆ, ಕೈ ಕೊರಳಿನ ಹತ್ತಿರ ಹೋಗುವುದು ಕಂಡಿತು, ಆಮೇಲೆ ಚಿತ್ರ ಒಮ್ಮೆಲೇ ಎಗರಿ ಹೋರಿ ನಾಲ್ಕು ಮಾರು ಮುಂದಿತ್ತು. ನಡುವಿನದು ಇರಲೇ ಇಲ್ಲ. ‘ಕಾಣದ್ದನ್ನ ಹೆಂಗ ಹೇಳೂದು’ ಎಂದು ಸಂಶಯದ ಲಾಭವನ್ನು ಹೋರಿಗೆ ಕೊಟ್ಟು ಎದ್ದರು.

ಆಗ ಆ ಸಾದಾ ಹೋರಿ ಸಾಕಿದ ಅಕ್ಕ ವ್ಯಾನಿನ ಬಾಗಿಲಿಗೆ ಬಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ.

“ನನ್ನ ಹೋರಿದು ಹಾಡಹಗಲ ಕಂಡಂಗ ಕಂಡ್ತು, ಒಪ್ಪಿದೆ. ಅವರದ್ದು ಬಂದ ಕೂಡ್ಲೆ ಕಣ್ಣ ಮುಚ್ಚಿತಲ್ಲ? ನಿಮ್ಮ ಕಂಪ್ಯೂಟರಿಗೂ ಮುಖ ನೋಡಿ ಮಣಿ ಹಾಕೂದು ಗೊತ್ತೈತೇನವಾ?”

“ಹಂಗೇನಿಲ್ರಿ ಅಕ್ಕಾರ. ಯಾರ ಹೋರಿ ಅಂತ ಅದಕ್ಕೇನ್ ಗೊತ್ತಾಗ್ತೈತಿ?”

“ಗೊತ್ತಿಲ್ಲದನ ಹಿಂಗ ಮಾಡೈತಿ ಅಂದ್ರ, ಗೊತ್ತಾದ್ರ ಇನ್ನ ಹೆಂಗ?”

ಆಕೆಯೇ ಮುಂದುವರಿಸಿದಳು. “ಮುಂದಿನ ವಾರ ಹಾನಗಲ್ಲಾಗ ಓಟ ಐತಿ. ಇದಕ್ಕ ವಯಸ್ಸಾತು, ಕಾಲಾಗ ಇನ್ನೊಂದ ಓಟ ಉಳದೈತಿ. ಅದನ್ನ ಅಲ್ಲೇ ಓಡಿಸಿ ಬಿಡಬೇಕಂತ ಇದ್ದೆ. ನಿಮ್ಮ ಕ್ಯಾಮೆರಾ ಇದ್ರ ನಾ ಬರೂದಿಲ್ಲ. ಇಂಥಾ ಅನ್ಯಾಯ ಹೊತಗೊಂಡು ಇದು ಕಡೀ ಸಲ ಮನಿಗೆ ಹೋಗೂದು ನನಗ ಬ್ಯಾಡ.”

“ಹಾನಗಲ್ಲಾಗೂ ನಮ್ಮ ಕ್ಯಾಮೆರಾನ ಇರ್ತೈತ್ರಿ. ನೀವೂ ಬರ್ರಿ. ಎಲ್ಲಾ ಹೋರಿನೂ ಒಂದ ಕಣ್ಣಿಲೆ ನೋಡೂವಂಗ ಮಾಡಿ ತರ್ತೇನಿ,” ಎಂದುಬಿಟ್ಟೆ.

ದಾರಿಯಲ್ಲಿ ನಮ್ಮ ಮನೆಯವರು ಸ್ಟಿಯರಿಂಗ್ ಹಿಡಿದು ನಗುತ್ತಿದ್ದರು. “ಏನ್ ಕೆಟ್ಟೈತಿ ಅನ್ನೂದ ಗೊತ್ತಿಲ್ಲ, ಮಾತ ಕೊಟ್ಟ ಬಂದಿ?”

“ಮಾತ ಕೊಟ್ಟಾಕಿ ನಾನು. ಚಿಂತಿ ನಿಮಗ್ಯಾಕ್ರಿ?” ಎಂದೆ. ನಿಜ ಹೇಳಬೇಕೆಂದರೆ ಚಿಂತೆ ನನಗೂ ಇರಲಿಲ್ಲ. ಸಿಟ್ಟಿತ್ತು. ನನ್ನ ಯಂತ್ರ ಪಕ್ಷಪಾತಿ ಎಂಬ ಮಾತು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಹಲ್ಲಿಗೆ ಹತ್ತಿತ್ತು.

ಮರುದಿನ ಬೆಳಿಗ್ಗೆ ರೊಟ್ಟಿ ಮುಗಿಸಿ ಹಿಂದಿನ ದಿನದ ಓಟಗಳನ್ನೆಲ್ಲ ತಿರುಗಿಸಿ ನೋಡುತ್ತ ಕುಳಿತೆ. ಕಣ್ಣಿಗೆ ಏನೂ ಹೊಳೆಯಲಿಲ್ಲ, ಕಿವಿಗೆ ಹೊಳೆಯಿತು. ಕ್ಯಾಮೆರಾದ ಮೈಕು ಅಖಾಡದ ಸದ್ದನ್ನೂ ಹಿಡಿದಿರುತ್ತದೆ. ಎಲ್ಲೆಲ್ಲಿ ಟೈಟಲಿನ ಹಾಡು ಶುರುವಾಗುತ್ತದೋ ಅಲ್ಲಲ್ಲಿ ಚಿತ್ರ ಎಗರುತ್ತಿತ್ತು. ಹಾಡಿಲ್ಲದ ಹೋರಿಗಳ ಓಟ ಕೆನೆ ಕಟ್ಟಿದ ಹಾಲಿನ ಹಾಗೆ ಅಲುಗದೆ ಇತ್ತು. ಅಕ್ಕ ಹೇಳಿದ್ದು ಅಕ್ಷರಶಃ ನಿಜ. ಬಳಗ ದೊಡ್ಡದಾದಷ್ಟೂ ಟೈಟಲ್ ಭಾರ, ಟೈಟಲ್ ಭಾರವಾದಷ್ಟೂ ರೆಕಾರ್ಡಿಂಗ್ ಕುರುಡು. ಬೇಕೆಂದು ಯಾರೂ ಮಾಡಿರಲಿಲ್ಲ, ಆದರೂ ನನ್ನ ಕಂಪ್ಯೂಟರ್ ಮುಖ ನೋಡಿಯೇ ಮಣೆ ಹಾಕುತ್ತಿತ್ತು. ಅದು ತಿಳಿದಾಗ ನನಗೆ ನಾಚಿಕೆಯಾಯಿತು.

ಕಾರಣ ಇದು. ನನ್ನ ಕಂಪ್ಯೂಟರಿನ ಪ್ರೊಸೆಸರಿನಲ್ಲಿ ನಾಲ್ಕು ಕೋರ್‌ಗಳಿವೆ. ಎಂದರೆ ಏಕಕಾಲಕ್ಕೆ ದುಡಿಯುವ ನಾಲ್ಕು ಲೆಕ್ಕದ ಕೇಂದ್ರಗಳು. ಅದರಲ್ಲಿ ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ: ಪಂಚರಿಗಾಗಿ ರೆಕಾರ್ಡಿಂಗ್, ಫೋನಿನಲ್ಲಿ ನೋಡುವವರಿಗೆ ನೇರಪ್ರಸಾರ, ದೊಡ್ಡ ಪರದೆಗೆ ಟೈಟಲ್. ಯಾವ ಕೆಲಸ ಯಾವ ಕೋರ್ ಮೇಲೆ ಎನ್ನುವುದನ್ನು ಆಪರೇಟಿಂಗ್ ಸಿಸ್ಟಮ್ ಕ್ಷಣಕ್ಷಣಕ್ಕೂ ತಾನೇ ನಿರ್ಧರಿಸುತ್ತದೆ. ಖಾಲಿ ಕಂಡ ಕಡೆ ಎತ್ತಿ ಹಾಕುತ್ತದೆ. ಬಹಳ ಕೆಲಸಗಳಿಗೆ ಅದೇ ಒಳ್ಳೆಯದು. ಆದರೆ ರೊಟ್ಟಿ ಬಡಿಯುವವಳನ್ನು ನಡುವೆ ಎಬ್ಬಿಸಿ ಇನ್ನೊಂದು ಒಲೆಯ ಮುಂದೆ ಕೂರಿಸಿದರೆ ಏನಾಗುತ್ತದೆ? ಹಿಟ್ಟು, ನೀರು, ಪರಾತ ಎಲ್ಲ ಹೊಸದಾಗಿ ಹೊಂದಿಸಿಕೊಳ್ಳಬೇಕು. ಅಷ್ಟರಲ್ಲಿ ಹೆಂಚು ಸುಡುತ್ತದೆ. ಭಾರದ ಟೈಟಲ್ ಶುರುವಾದೊಡನೆ ಅದು ಎಲ್ಲ ಕೋರ್‌ಗಳ ಮೇಲೂ ಕೈಚಾಚುತ್ತಿತ್ತು, ರೆಕಾರ್ಡಿಂಗ್ ಒಲೆಯಿಂದ ಒಲೆಗೆ ಅಲೆಯುತ್ತಿತ್ತು, ಸರದಿ ಬರುವಷ್ಟರಲ್ಲಿ ವಿಡಿಯೊದ ಬಿಡಿ ಚಿತ್ರಗಳು, ಅಂದರೆ ಫ್ರೇಮುಗಳು, ಕೈತಪ್ಪುತ್ತಿದ್ದವು. ಟೈಟಲ್ ಹಚ್ಚುವುದೂ ಹೋರಿ ಬಿಡುವುದೂ ಒಂದೇ ಹೊತ್ತಿಗೆ, ಅದೇ ನಮ್ಮ ಕಡೆಯ ರಿವಾಜು.

ಕ್ಯಾಮೆರಾದ ಕಾರ್ಡಿನಲ್ಲೇ ಉಳಿಸಿಕೊಳ್ಳಬಾರದೇ ಎಂದು ಕೇಳಬಹುದು. ಮುಂದಿನ ಹೋರಿ ಬಿಡುವ ಮೊದಲೇ ತೀರ್ಪು ಬೇಕು, ಅಟ್ಟದಿಂದ ಕಾರ್ಡು ಇಳಿಸಿ ತರುವಷ್ಟು ಪುರುಸೊತ್ತು ಯಾರಿಗಿದೆ? ಟೈಟಲಿಗೆ ಬೇರೆ ಕಂಪ್ಯೂಟರ್ ತರಬಾರದೇ ಎಂದು ನಮ್ಮ ಮನೆಯವರೂ ಕೇಳಿದರು. ಇದ್ದ ಯಂತ್ರಕ್ಕೆ ಬುದ್ಧಿ ಕಲಿಸದೆ ಇನ್ನೊಂದನ್ನು ತರುವುದು ನನ್ನ ಜಾಯಮಾನವಲ್ಲ.

ನನ್ನ ಕಂಪ್ಯೂಟರಿನಲ್ಲಿರುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಯಾವ ಕೆಲಸ ಯಾವ ಕೋರ್ ಬಿಟ್ಟು ಕದಲಬಾರದು ಎಂದು ಅದಕ್ಕೆ ಹೇಳಲು ‘ಟಾಸ್ಕ್‌ಸೆಟ್’ ಎಂಬ ಒಂದು ಸಾಲಿನ ಆಜ್ಞೆ ಇದೆ. ಕಟ್ಟಿಹಾಕುವುದು ಎನ್ನೋಣ. ಪರೀಕ್ಷೆ ಮಾಡಲು ಓಟ ಬೇಕಲ್ಲ? ಹಿತ್ತಲಲ್ಲಿ ಕ್ಯಾಮೆರಾ ಹೂಡಿ, ನಮ್ಮ ಮನೆಯವರ ಕೊರಳಿಗೆ ದಾರದಲ್ಲಿ ಒಂದು ಕೊಬ್ಬರಿ ಕಟ್ಟಿದೆ.

“ಓಡ್ರಿ.”

“ಎಲ್ಲಿಗೆ?”

“ಹುಣಸಿ ಗಿಡದಿಂದ ಬಚ್ಚಲ ತನಕ. ನಡೀರಿ, ಹಾಡು ಹಚ್ಚಾಕತ್ತೇನಿ.”

ನಡುವೆ ಅತ್ತೆಯವರನ್ನು ನಿಲ್ಲಿಸಿದ್ದೆ, ಕೊಬ್ಬರಿ ಹರಿಯುವುದಕ್ಕೆ. ಅವರು ಮಗನ ಕೊರಳಿಗೆ ಕೈ ಹಾಕಿ ಸರಕ್ಕನೆ ಎಳೆದು, “ಎತ್ತು ಸಿಗಲಿಲ್ಲಂತ ನನ್ನ ಮಗನ್ನ ಓಡಸ್ತೀಯೇನವಾ? ಓಡ್ಸು ಓಡ್ಸು, ಹೊಟ್ಟಿ ಕರಗ್ಲಿ,” ಎಂದರು.

ಮೊದಲ ಸಲ ರೆಕಾರ್ಡಿಂಗ್ ಪ್ರೋಗ್ರಾಂ ಶುರು ಮಾಡಿ, ಅದು ಓಡುತ್ತಿರುವಾಗಲೇ ಅದನ್ನು ಕೊನೆಯ ಎರಡು ಕೋರ್‌ಗೆ ಕಟ್ಟಿದೆ. ‘ಆಯಿತು’ ಎಂದು ಕಂಪ್ಯೂಟರ್ ಉತ್ತರ ಕೊಟ್ಟಿತು. ಬಿಟ್ಟುಹೋದ ಚಿತ್ರಗಳ ಲೆಕ್ಕ ಮಾತ್ರ ಪರದೆಯ ಮೂಲೆಯಲ್ಲಿ ಏರುತ್ತಲೇ ಇತ್ತು. ಕೆದಕಿದಾಗ ತಿಳಿಯಿತು: ಒಂದು ಪ್ರೋಗ್ರಾಂ ಎಂದರೆ ಒಂದೇ ಎಳೆಯಲ್ಲ. ಒಳಗೆ ಹತ್ತಾರು ಎಳೆಗಳು ಬೇರೆ ಬೇರೆಯಾಗಿ ದುಡಿಯುತ್ತಿರುತ್ತವೆ. ನಾನು ಕಟ್ಟಿದ್ದು ಮುಖ್ಯ ಎಳೆಯೊಂದನ್ನೇ, ಉಳಿದವು ಎಂದಿನಂತೆ ಊರೂರು ತಿರುಗುತ್ತಿದ್ದವು. ಶುರುವಾಗುವಾಗಲೇ ಕಟ್ಟಿದರೆ ಅದರ ಹೊಟ್ಟೆಯಲ್ಲಿ ಹುಟ್ಟುವ ಎಳೆಗಳೆಲ್ಲ ಅದೇ ಕಟ್ಟನ್ನು ಹೊತ್ತು ಬರುತ್ತವೆ. ಹಾಗೇ ಮಾಡಿದೆ. ನಮ್ಮ ಮನೆಯವರು ಮತ್ತೆ ಓಡಿದರು.

ಲೆಕ್ಕ ಇಳಿಯಿತು, ಸೊನ್ನೆಯಾಗಲಿಲ್ಲ. ಈ ಸಲದ ತಪ್ಪು ತಿಳಿಯಲು ಒಂದು ಹಗಲು ಹೋಯಿತು. ರೆಕಾರ್ಡಿಂಗ್ ಅನ್ನು ಅಲ್ಲಿಗೆ ಕಟ್ಟಿದರೆ ಬೇರೆಯವರು ಅಲ್ಲಿಗೆ ಬರಬಾರದೆಂದೇನೂ ಆಗುವುದಿಲ್ಲ, ಆದ್ದರಿಂದ ಟೈಟಲನ್ನು ಬೇರೆ ಕಡೆ ಕಟ್ಟಿದ್ದೆ. ನನ್ನ ಪ್ರೊಸೆಸರ್ ನಾಲ್ಕೇ ಕೋರ್ ಇದ್ದರೂ ಎಂಟು ಎಂದು ತೋರಿಸುತ್ತದೆ, ಒಂದೊಂದು ಕೋರ್ ಎರಡೆರಡು ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಎಣಿಕೆ ಸೊನ್ನೆಯಿಂದ ಶುರು. ಎರಡು, ಮೂರನ್ನು ರೆಕಾರ್ಡಿಂಗಿಗೆ ಕೊಟ್ಟು, ಆರು, ಏಳನ್ನು ಟೈಟಲಿಗೆ ಕೊಟ್ಟಿದ್ದೆ. ದೂರ ದೂರ ಇದ್ದಾರೆ ಎಂದುಕೊಂಡಿದ್ದೆ. ಆದರೆ ಎರಡು ಮತ್ತು ಆರು ಒಂದೇ ಕೋರಿನ ಎರಡು ಹೆಸರು. ಮೂರು ಮತ್ತು ಏಳೂ ಹಾಗೇ. ಎರಡು ಬಾಗಿಲು, ಒಳಗೆ ಒಂದೇ ಖೋಲಿ. ಜಗಳಗಂಟರಿಬ್ಬರನ್ನು ಬೇರೆ ಮಾಡಿದೆ ಎಂದು ಬೀಗುತ್ತ ಒಂದೇ ಖೋಲಿಗೆ ನೂಕಿದ್ದೆ.

ಇನ್ನು ಉಳಿದದ್ದು ತಂತ್ರವಲ್ಲ, ತೀರ್ಮಾನ. ಎರಡು ಪೂರ್ತಿ ಕೋರ್‌ಗಳನ್ನು, ಅವುಗಳ ನಾಲ್ಕೂ ಹೆಸರು ಸಮೇತ, ರೆಕಾರ್ಡಿಂಗಿಗೆ ಬಿಟ್ಟುಕೊಡಬೇಕು. ಬೇರೆ ಯಾರೂ ಆ ಹೊಸ್ತಿಲು ತುಳಿಯಬಾರದು. ಒಂದು ಕೋರ್ ಕ್ಯಾಮೆರಾ ತಂತಿಗಳಿಂದ ಬರುವ ಚಿತ್ರಗಳನ್ನು ಒಳಗೆ ತೆಗೆದುಕೊಳ್ಳುವುದಕ್ಕೂ ಕಂಪ್ಯೂಟರಿನ ಸ್ವಂತ ಕೆಲಸಕ್ಕೂ ಬೇಕು. ಉಳಿದ ಒಂದೇ ಒಂದರಲ್ಲಿ ನೇರಪ್ರಸಾರ, ಟೈಟಲ್ ಎರಡೂ ಹೊಂದಿಕೊಂಡು ಬಾಳಬೇಕು. ಹೊಂದುವುದಿಲ್ಲ ಎಂದು ಗೊತ್ತೇ ಇತ್ತು. ನೇರಪ್ರಸಾರದ ಗುಣಮಟ್ಟ ಇಳಿಸಿದೆ. ಟೈಟಲ್? ಬೆಂಕಿ ಉಗುಳುವ ಬಿರುದು ಬಿಕ್ಕಳಿಕೆ ಬಂದವರಂತೆ ನಿಂತು ನಿಂತು ಬಂತು. ಆದರೆ ಅತ್ತೆಯವರ ಬೆರಳು ದಾರಕ್ಕೆ ಸಿಕ್ಕಿದ್ದು, ದಾರ ಬಿಗಿದದ್ದು, ಹರಿದದ್ದು ಒಂದೊಂದೂ ಕಂಡಿತು. ಮೂಲೆಯಲ್ಲಿ ಸೊನ್ನೆ. ಹಾನಗಲ್ಲಿಗೆ ಇದೇ ಎಂದು ಕಂಪ್ಯೂಟರ್ ಮುಚ್ಚಿದೆ. ನಮ್ಮ ಮನೆಯವರು ಕೊಬ್ಬರಿ ಮುರಿದು ಬೆಲ್ಲದ ಜೊತೆ ತಿಂದರು, ದುಡಿದದ್ದು ತಾವೇ ಎಂಬಂತೆ.

ಓಟದ ಹಿಂದಿನ ದಿನ ಹಾನಗಲ್ಲಿಗೆ ಹೋಗಿ ತಂತಿ ಎಳೆಯುತ್ತಿರುವಾಗ ಅಲ್ಲಿಯ ಸಮಿತಿಯ ಅಧ್ಯಕ್ಷರಿಗೆ ಇದನ್ನು ಹೇಳಿದೆ. ಹೇಳದೆ ಮಾಡುವುದು ನನಗೆ ಸರಿ ಕಾಣಲಿಲ್ಲ. ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು.

“ಟೈಟಲ್ ನಿಂತ ನಿಂತ ಬಂದ್ರ ಬಳಗದವರು ನನ್ನ ಅಂಗಿ ಹಿಡೀತಾರ್ರಿ. ರೆಕಾರ್ಡಿಂಗ ಸ್ವಲ್ಪ ಹಿಂದ ಮುಂದ ಆದ್ರ ನಡೀತೈತಿ, ಪಂಚರು ಕಣ್ಣಿಲೆ ನೋಡ್ತಾರ.”

“ಟೈಟಲ್ ತಡವರಿಸಿದ್ರ ಯಾರದೂ ಏನೂ ಹೋಗೂದಿಲ್ರಿ. ಕೊಬ್ಬರಿ ಹರದದ್ದೋ ಉದುರಿದ್ದೋ ಕಾಣಲಿಲ್ಲಂದ್ರ ಹೋರಿ ಮಾನ ಹೋಗ್ತೈತಿ. ಎರಡ್ರಾಗ ನಿಮಗ ಯಾವ್ದು ಬೇಕು ಹೇಳ್ರಿ. ಎರಡೂ ಬೇಕಂದ್ರ ನಾ ಈಗಿಂದೀಗ ತಂತಿ ಸುತ್ತತೇನಿ.”

ತಂತಿಯ ಸುರುಳಿ ಕೈಯಲ್ಲೇ ಇತ್ತು. ಅಟ್ಟದ ಮೇಲಿಂದ ನಮ್ಮ ಮನೆಯವರು, “ಆಕಿ ಸುತ್ತೂ ಪೈಕಿನ್ರಿ ಯಜಮಾನ್ರ, ಹೂಂ ಅನ್ರಿ,” ಎಂದು ಕೂಗಿದರು. ಅಧ್ಯಕ್ಷರು ಹೂಂ ಎಂದರು. ಬಳಗದವರಿಗೆ ಉತ್ತರ ಕೊಡುವುದು ಮಾತ್ರ ನನ್ನ ಪಾಲಿಗೇ ಬಂತು.

ಮರುದಿನ ಬೆಳಿಗ್ಗೆ ಜನಸಾಗರ. ಕಣ್ಣು ಸಾದಾ ಹೋರಿಯನ್ನೇ ಹುಡುಕುತ್ತಿತ್ತು. ಹೊತ್ತು ಏರಿದರೂ ಕಾಣಲಿಲ್ಲ. ಮಾತು ನಂಬಲಿಲ್ಲ ಎಂದುಕೊಂಡು ಮನಸ್ಸು ಸಣ್ಣದಾಯಿತು. ಆಮೇಲೆ ನೋಡುತ್ತೇನೆ, ದೂರದ ಬೇವಿನ ನೆರಳಿನಲ್ಲಿ ಅಕ್ಕ ಹೋರಿಯ ಬೆನ್ನಿಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಂದಿದ್ದಳಲ್ಲ, ಅಷ್ಟೇ ಸಾಕಾಗಿತ್ತು.

ಬಿರುದಿನ ಹೋರಿಯ ಸರದಿ ಮೊದಲು ಬಂತು. ಟೈಟಲ್ ಹಚ್ಚಿದೆ. ಬೆಂಕಿ ಅರ್ಧ ಉರಿದು ನಿಂತಿತು, ಮತ್ತೆ ಉರಿಯಿತು. ಬಳಗದವರು ಸಿಳ್ಳೆ ನಿಲ್ಲಿಸಿ ಬೈಗುಳ ಶುರು ಮಾಡಿದರು. ನಾನು ಮೂಲೆಯ ಸೊನ್ನೆಯನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಹೋರಿ ಗುಂಪನ್ನು ಸೀಳಿಕೊಂಡು ಹೋಯಿತು, ಧೂಳು ಎದ್ದಿತು. ಧೂಳಿನೊಳಗಿಂದ ಒಬ್ಬ ಕೊಬ್ಬರಿ ಎತ್ತಿ ಹಿಡಿದು ಕುಣಿದ. ಪಂಚರು ವ್ಯಾನಿಗೆ ಬಂದರು, ಬಳಗದ ಇಬ್ಬರು ಹಿಂದೆಯೇ ನುಗ್ಗಿದರು.

“ಟೈಟಲ್ ಕೆಡಿಸಿದ್ರಲ್ಲ ಮೇಡಂ, ನಿಮಗ ವಿಡಿಯೊ ಬರ್ತೈತೋ ಇಲ್ಲೋ?”

“ಟೈಟಲ್ ನಾ ಕೆಡಿಸೇನಿ, ಖರೆ. ಈಗ ಬಾಯಿ ಮುಚ್ಚಿ ಇದನ್ನ ನೋಡ್ರಿ,” ಎಂದು ಓಟವನ್ನು ಒಂದೊಂದೇ ಚಿತ್ರವಾಗಿ ಸರಿಸಿದೆ. ಕೊಬ್ಬರಿಯ ಹಾರ ಬೇಲಿಯ ಬಿದಿರಿಗೆ ತಾಗಿತು. ದಾರ ತುಂಡಾಯಿತು. ಕೊಬ್ಬರಿ ನೆಲಕ್ಕೆ ಬಿತ್ತು. ಕುಣಿದವನ ಕೈ ಅದಾದ ಮೇಲೆ ಬಂತು, ನೆಲದ ಕಡೆಗೆ. ಪಂಚರು ‘ಹೋರಿ ಗೆದ್ದಿತು’ ಎಂದರು. ಬಳಗದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬ ಹೋಗುವಾಗ, “ಟೈಟಲ್ ಹೆಂಗರ ಬರ್ಲಿ ಬಿಡ್ರಿ ಮೇಡಂ,” ಎಂದ.

ಸಾದಾ ಹೋರಿ ಇಳಿದಾಗ ಪರದೆ ಖಾಲಿಯಿತ್ತು. ಮೈಕಿನವರು ಊರಿನ ಹೆಸರಷ್ಟೇ ಕೂಗಿದರು. ವಯಸ್ಸಾದ ಹೋರಿ ಎಂದು ಯಾರು ಹೇಳಬೇಕು, ಮೊದಲ ಅರ್ಧ ಹಾದಿ ಅದರ ಮೈಗೆ ಒಂದು ಕೈ ಸೋಕಲಿಲ್ಲ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಅದು ಗೆಲ್ಲಲಿ ಎಂದು ಮನಸ್ಸು ಬಾಯಿಬಿಟ್ಟು ಬೇಡುತ್ತಿತ್ತು. ಅಟ್ಟದ ಮುಂದೆಯೇ ಒಬ್ಬ ಪಕ್ಕದಿಂದ ಹಾರಿ ಕೊರಳಿಗೆ ಜೋತುಬಿದ್ದ. ಏಳುವಾಗ ಅವನ ಕೈಯಲ್ಲಿ ಕೊಬ್ಬರಿ ಇತ್ತು.

ಈ ಸಲ ಪಂಚರ ಜೊತೆ ಅಕ್ಕನೂ ಬಂದಳು. ಚಿತ್ರ ಸರಿಸಿದೆ. ಬೆರಳುಗಳು ದಾರದೊಳಗೆ ಹೋದವು. ದಾರ ಬಿಗಿಯಿತು. ಹರಿಯಿತು. ಯಾವ ಸಂಶಯಕ್ಕೂ ಜಾಗವಿರಲಿಲ್ಲ. ಪಂಚರು ಹೇಳುವ ಮೊದಲೇ ಆಕೆ, “ಹರದಾನ,” ಎಂದಳು.

ಪಂಚರು ಹೋದ ಮೇಲೂ ಆಕೆ ಬಾಗಿಲು ಹಿಡಿದು ನಿಂತಿದ್ದಳು. “ಅವರದ್ದೂ ಒಮ್ಮೆ ತೋರಸವಾ.” ತೋರಿಸಿದೆ. ಬಿದಿರು, ದಾರ, ನೆಲ. ಕೊನೆಯವರೆಗೂ ನೋಡಿದಳು. “ಅವರದ್ದು ಗೆದ್ದೈತಿ. ನನ್ನದ ಇನ್ನೊಮ್ಮೆ ಹಚ್ಚು.” ಹಚ್ಚಿದೆ. ಜೋತುಬಿದ್ದವನನ್ನು ನೋಡಿ, “ಚಲೋ ಹಿಡದಾನ ನೋಡು, ಗಂಡಸ ಮಗ,” ಎಂದಳು.

“ಅಕ್ಕಾರ, ನಂದೇನ ತಪ್ಪಿಲ್ರಿ ಈ ಸಲ...”

“ಗೊತ್ತೈತವಾ. ಅವತ್ತೂ ಸೋತಿದ್ದೆ, ಇವತ್ತೂ ಸೋತೆ. ಅವತ್ತ ನನ್ನ ಒಬ್ಬಾಕಿನ್ನ ನಿಲ್ಲಿಸಿ ಸೋಲಿಸಿದ್ರಿ. ಇವತ್ತ ಎಲ್ಲಾರ ಸಾಲಿನ್ಯಾಗ ನಿಂತ ಸೋತೇನಿ. ಇನ್ನ ಮನಿಗೆ ಹೋಗಬಹುದು.”

ಹೇಳಿದ್ದು ಮಾಡಿ ತೋರಿಸಿದ ಹೆಮ್ಮೆ ಒಂದು ಕಡೆ, ಆ ಹೋರಿಯ ಕಡೆಯ ಓಟ ಮುಗಿದುಹೋದ ಸಂಕಟ ಒಂದು ಕಡೆ. ಆಕೆ ಹಗ್ಗ ಹಿಡಿದು ಹೊರಟಾಗ ತಡೆಯಲಾಗದೆ ಕೇಳಿದೆ. “ಅಕ್ಕಾರ, ಹೋರಿ ಹೆಸರೇನ್ರಿ?”

ಆಕೆ ತಿರುಗಿ, ಇದೇನು ಕೇಳುತ್ತಾಳೆ ಎಂಬಂತೆ ನೋಡಿದಳು. “ಮನ್ಯಾಗ ತಮ್ಮಾ ಅಂತೇವಿ. ನಾಕು ಮಂದ್ಯಾಗ ಹೇಳೂವಂಥಾ ಹೆಸರಲ್ಲ ಬಿಡವಾ.”

ಮುಂದಿನ ಹೋರಿ ಇನ್ನೂ ಬಂದಿರಲಿಲ್ಲ. ಒಂದು ದೊಡ್ಡ ಬಳಗದ ಟೈಟಲಿನಿಂದ ಬೆಂಕಿಯನ್ನಷ್ಟೇ ಕದ್ದೆ. ಅದರ ಮೇಲೆ ಎರಡು ಅಕ್ಷರ ಕೂರಿಸಿ, ಹಿಂದೆ ಹಲಗೆ ಬಡಿತದ ಒಂದು ತುಣುಕು ಸೇರಿಸಿ ದೊಡ್ಡ ಪರದೆಗೆ ಬಿಟ್ಟೆ. ತನ್ನ ಪಾಲಿನ ಇ‌ಕ್ಕಟ್ಟಿನ ಕೋರಿನಲ್ಲಿ ಅದು ಎದ್ದು ಬಿದ್ದು ಬಂತು. ಮೊದಲು ‘ತ’ ಬಂದು ನಿಂತಿತು. ಬೆಂಕಿ ತಡವರಿಸಿತು. ಆಮೇಲೆ ‘ಮ್ಮ’ ಬಂತು. ಜನ ಯಾರ ಟೈಟಲ್ ಎಂದು ತಿಳಿಯದೆಯೇ ಸಿಳ್ಳೆ ಹಾಕಿದರು. ನಮ್ಮ ಮನೆಯವರು ಅಟ್ಟದ ಮೇಲೆ ಕ್ಯಾಮೆರಾವನ್ನು ನಿಧಾನವಾಗಿ ಹೊರಹಾದಿಯ ಕಡೆ ತಿರುಗಿಸಿದರು.

ಆ ರೆಕಾರ್ಡಿಂಗ್ ಈಗಲೂ ನನ್ನ ಹತ್ತಿರ ಇದೆ. ಒಂದು ಚಿತ್ರವೂ ತಪ್ಪಿಲ್ಲ. ಹೋರಿ ನಡೆಯುತ್ತಲೇ ಇದೆ, ಅದಕ್ಕೆ ಪರದೆಯ ಹಂಗಿಲ್ಲ. ಅಕ್ಕ ಒಮ್ಮೆ ನಿಂತು ಪರದೆಯ ಕಡೆ ತಲೆಯೆತ್ತಿ ನೋಡಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ಅದರ ಬೆನ್ನು ತಟ್ಟಿದ್ದೂ ಅದರಲ್ಲಿದೆ.